ಮಸುಕನ್ನು ಎಲ್ಲಿಡಬೇಕು?

ಚಿಕ್ಕಬಳ್ಳಾಪುರದ ನಮ್ಮ ಅಂಗಡಿಗೆ ಪ್ರೋಗ್ರೆಸಿವ್ ಲೆನ್ಸ್ ಕೇಳಿಕೊಂಡು ಬರುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ದೂರದ್ದು, ಹತ್ತಿರದ್ದು, ನಡುವಿನದ್ದು ಎಲ್ಲವೂ ಒಂದೇ ಕನ್ನಡಕದಲ್ಲಿ ಚೆನ್ನಾಗಿ ಕಾಣಬೇಕು, ನಡುವೆ ಗೆರೆ ಇರಬಾರದು. ಜಾಹೀರಾತುಗಳು ಕೊಡುವ ಭರವಸೆಯೂ ಇದೇ. ಆದರೆ ಈ ಲೆನ್ಸುಗಳ ಮೇಲ್ಮೈಯನ್ನು ಲೆಕ್ಕ ಹಾಕಿ ರೂಪಿಸುವವರು ಕೆಲಸ ಆರಂಭಿಸುವುದೇ ಬೇರೊಂದು ಪ್ರಶ್ನೆಯಿಂದ. ಮಸುಕು ಇದ್ದೇ ಇರುತ್ತದೆ ಎಂಬುದನ್ನು ಅವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಅದನ್ನು ಲೆನ್ಸಿನ ಯಾವ ಮೂಲೆಯಲ್ಲಿ, ಎಷ್ಟು ದಟ್ಟವಾಗಿ ಇಟ್ಟರೆ ಹಾಕಿಕೊಂಡವರಿಗೆ ಕಡಿಮೆ ತೊಂದರೆಯಾಗುತ್ತದೆ ಎಂಬುದಷ್ಟೇ ಅವರು ಹುಡುಕುವ ಉತ್ತರ. ಇದನ್ನು ಗಿರಾಕಿಗಳಿಗೆ ಕೌಂಟರಿನ ಮುಂದೆ ನಿಂತು ವಿವರಿಸುವಷ್ಟು ಹೊತ್ತು ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಾಳೀಸಿನ ಲೆಕ್ಕ. ಕಣ್ಣಿನೊಳಗಿನ ಮಸೂರ ಎಳವೆಯಲ್ಲಿ ಮೃದುವಾಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಂಡು ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಹತ್ತು ವರ್ಷದ ಮಗುವಿನಲ್ಲಿ ಈ ಹೆಚ್ಚುವರಿ ಶಕ್ತಿ ಸುಮಾರು 13–14 ಡಯಾಪ್ಟರ್ (ಲೆನ್ಸಿನ ಪವರ್ ಅಳೆಯುವ ಮಾನ) ಇರುತ್ತದೆ, ನಲವತ್ತರ ಹೊತ್ತಿಗೆ 5–6ಕ್ಕೆ ಇಳಿಯುತ್ತದೆ, ಅರವತ್ತರಲ್ಲಿ ಒಂದರ ಆಸುಪಾಸಿನಲ್ಲಿ ಉಳಿಯುತ್ತದೆ. ಪುಸ್ತಕವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಲು 2.5 ಡಯಾಪ್ಟರ್ ಬೇಕು. ನಲವತ್ತರಲ್ಲಿ ಐದು ಇದೆಯಲ್ಲ, ಸಾಲದೇ ಎಂದು ಕೇಳಬಹುದು. ಯಾವ ಸ್ನಾಯುವೂ ತನ್ನ ಪೂರ್ತಿ ಬಲವನ್ನು ದಿನವಿಡೀ ಹಾಕುತ್ತಿರಲಾರದು. ಇರುವುದರಲ್ಲಿ ಅರ್ಧ ಉಳಿಸಿಕೊಂಡರೆ ಮಾತ್ರ ಆಯಾಸವಿಲ್ಲದೆ ಓದಲು ಸಾಧ್ಯ. ಐದರ ಅರ್ಧ ಎರಡೂವರೆ. ನಲವತ್ತು ದಾಟುತ್ತಿದ್ದಂತೆ ಜನ ಮೊಬೈಲನ್ನು ಸ್ವಲ್ಪ ಸ್ವಲ್ಪವೇ ದೂರಕ್ಕೆ ಒಯ್ಯಲು ಶುರು ಮಾಡುವುದು ಇದಕ್ಕೇ. ಕಡಿಮೆ ಬಿದ್ದ ಶಕ್ತಿಯನ್ನು ಗಾಜಿನಿಂದ ತುಂಬಿಕೊಡುವುದನ್ನೇ ನಾವು ಅಡಿಷನ್ ಎನ್ನುತ್ತೇವೆ. ವಯಸ್ಸಿಗೆ ತಕ್ಕಂತೆ ಅದು ಪ್ಲಸ್ ಒಂದರ ಆಸುಪಾಸಿನಿಂದ ಆರಂಭವಾಗಿ ಎರಡೂವರೆ, ಕೆಲವರಿಗೆ ಮೂರರವರೆಗೂ ಹೋಗುತ್ತದೆ.

ಒಂದೇ ಚೌಕಟ್ಟಿನಲ್ಲಿ ಎರಡು ಪವರ್ ಕೂರಿಸುವ ಯೋಚನೆಯೇನೂ ಹೊಸದಲ್ಲ. ಪ್ಯಾರಿಸ್ ಬಳಿಯ ಪಾಸಿಯಲ್ಲಿ ನೆಲೆಸಿದ್ದ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ತಮ್ಮ ಗೆಳೆಯ ಜಾರ್ಜ್ ವಾಟ್ಲಿಗೆ ಬರೆದ ಪತ್ರದಲ್ಲಿ, ಎರಡು ಬಗೆಯ ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿಗೆ ಹಾಕಿಸಿಕೊಂಡಿರುವುದನ್ನು ವಿವರಿಸಿದ್ದಾರೆ. ಊಟದ ಮೇಜಿನ ಮೇಲಿನ ತಟ್ಟೆಯೂ ಎದುರು ಕೂತವರ ಮುಖವೂ ಕಾಣುವುದರಿಂದ, ಮಾತಾಡುವವರ ಮುಖಭಾವ ನೋಡಿ ಫ್ರೆಂಚ್ ಮಾತು ಇನ್ನಷ್ಟು ಅರ್ಥವಾಗುತ್ತದೆ ಎಂದೂ ಅವರು ಸೇರಿಸಿದ್ದಾರೆ. ನಾನು ಓದಿದ ಮಟ್ಟಿಗೆ ಬೈಫೋಕಲ್ ಬಗ್ಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಇನ್ನೊಂದಿಲ್ಲ, ಏಕೆಂದರೆ ಅದು ಅವರ ದಿನದ ಒಂದು ನಿರ್ದಿಷ್ಟ ಕೆಲಸದಿಂದ ಹುಟ್ಟಿದ್ದು.

ಇಂದು ನಮ್ಮ ಕಡೆ ನಡೆಯುವ ಬೈಫೋಕಲ್‌ಗಳಲ್ಲಿ ಮುಖ್ಯವಾದವು ಕೆಳಗೆ ದುಂಡು ಬಿಲ್ಲೆಯಿರುವ ಕೆಟಿ ಮತ್ತು ಮೇಲಂಚು ನೇರವಾಗಿರುವ ಡಿ. ಲೆನ್ಸಿನ ಉದ್ದಗಲಕ್ಕೂ ಗೆರೆ ಹಾಯುವ ಎಕ್ಸಿಕ್ಯೂಟಿವ್ ಈಗ ಅಪರೂಪ. ಇವುಗಳ ವ್ಯತ್ಯಾಸ ಬರೀ ಅಂದಚೆಂದದ್ದಲ್ಲ. ದೃಷ್ಟಿ ಮೇಲಿನಿಂದ ಕೆಳಗಿಳಿದು ಬಿಲ್ಲೆಯ ಅಂಚನ್ನು ದಾಟಿದ ಕ್ಷಣ, ಕಾಣುತ್ತಿದ್ದ ವಸ್ತು ತಟಕ್ಕನೆ ಜಿಗಿದಂತಾಗುತ್ತದೆ. ಎಷ್ಟು ಜಿಗಿಯುತ್ತದೆ ಎಂಬುದು ಬಿಲ್ಲೆಯ ಕೇಂದ್ರ ಅದರ ಮೇಲಂಚಿನಿಂದ ಎಷ್ಟು ಕೆಳಗಿದೆ ಎಂಬುದನ್ನು ಅವಲಂಬಿಸಿದೆ. 22 ಮಿಲಿಮೀಟರ್ ವ್ಯಾಸದ ಕೆಟಿಯಲ್ಲಿ ಕೇಂದ್ರ 11 ಮಿಲಿಮೀಟರ್ ಕೆಳಗಿರುತ್ತದೆ. ಅಡಿಷನ್ ಎರಡಾದರೆ, ಒಂದು ಮೀಟರ್ ದೂರದ ವಸ್ತು 2.2 ಸೆಂಟಿಮೀಟರ್ ಸರಿದಂತೆ ಕಾಣುತ್ತದೆ. 28 ಮಿಲಿಮೀಟರಿನ ಡಿಯಲ್ಲಿ ಕೇಂದ್ರ ಅಂಚಿನಿಂದ ಐದೇ ಮಿಲಿಮೀಟರ್ ಕೆಳಗಿರುವುದರಿಂದ ಈ ಜಿಗಿತ ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಎಕ್ಸಿಕ್ಯೂಟಿವ್‌ನಲ್ಲಿ ಕೇಂದ್ರ ಗೆರೆಯ ಮೇಲೆಯೇ ಇರುವುದರಿಂದ ಜಿಗಿತವೇ ಇಲ್ಲ. ಅಗ್ಗ ಎಂಬ ಒಂದೇ ಕಾರಣಕ್ಕೆ ಹಿರಿಯರಿಗೆ ಕೆಟಿ ಕೊಟ್ಟು ಕಳಿಸುವ ರೂಢಿ ನನಗೆ ಒಪ್ಪಿಗೆಯಾಗಿಲ್ಲ.

ಬೈಫೋಕಲ್‌ನಲ್ಲಿ ದೂರವೂ ಹತ್ತಿರವೂ ಸಿಕ್ಕಿತು, ಆದರೆ ನಡುವಿನ ಒಂದು ಮೀಟರ್ ಕೈಬಿಟ್ಟಿತು. ಅದನ್ನು ತುಂಬಲು ಪವರ್ ನಿಧಾನವಾಗಿ ಏರುತ್ತಾ ಹೋಗುವ ಮೇಲ್ಮೈ ಬೇಕು. 1907ರಲ್ಲಿಯೇ ಇಂಗ್ಲೆಂಡಿನ ಓವನ್ ಏವ್ಸ್ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದರೂ ಅದು ಮಾರುಕಟ್ಟೆಗೆ ಬರಲಿಲ್ಲ. ಫ್ರಾನ್ಸಿನ ಎಂಜಿನಿಯರ್ ಬರ್ನಾರ್ಡ್ ಮೆಟೆನಾಜ್ ವರ್ಷಗಟ್ಟಲೆ ಕೆಲಸ ಮಾಡಿ ರೂಪಿಸಿದ ವೇರಿಲಕ್ಸ್ 1959ರಲ್ಲಿ ಮಾರಾಟಕ್ಕೆ ಬಂತು. ಇಂದು ನಾವು ಪ್ರೋಗ್ರೆಸಿವ್ ಎಂದು ಕೊಡುವುದೆಲ್ಲ ಆ ವಂಶದ್ದೇ. ಅದರ ಮೇಲ್ಮೈಯನ್ನು ಕಲ್ಪಿಸಿಕೊಳ್ಳಲು ಆನೆಯ ಸೊಂಡಿಲನ್ನು ನೆನೆಯಬಹುದು. ಬುಡದಲ್ಲಿ ಅಗಲ, ಬಾಗು ಕಡಿಮೆ. ಕೆಳಗೆ ಇಳಿದಂತೆ ಕಿರಿದಾಗಿ, ಬಾಗು ಹೆಚ್ಚುತ್ತಾ ಹೋಗುತ್ತದೆ. ಬಾಗು ಹೆಚ್ಚಿದಷ್ಟೂ ಪವರ್ ಹೆಚ್ಚು.

ಕಷ್ಟ ಇರುವುದು ಇಲ್ಲೇ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಭಾಗವೂ ಇದೇ. ಲೆನ್ಸಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ರೇಖೆ ಎಳೆದುಕೊಳ್ಳೋಣ. ಆ ರೇಖೆಯ ಮೇಲಿನ ಪ್ರತಿ ಬಿಂದುವಿನಲ್ಲಿಯೂ ಅಡ್ಡ ಬಾಗು ಮತ್ತು ಉದ್ದ ಬಾಗು ಸಮವಾಗಿದ್ದರೆ ಅಲ್ಲಿ ಸಿಲಿಂಡರ್ (ಎರಡು ದಿಕ್ಕುಗಳ ಪವರಿನ ನಡುವಿನ ವ್ಯತ್ಯಾಸ) ಇರುವುದಿಲ್ಲ, ಅಂದರೆ ನೋಟ ಸ್ವಚ್ಛವಾಗಿರುತ್ತದೆ. ಈಗ ರೇಖೆಯನ್ನು ಬಿಟ್ಟು ಪಕ್ಕಕ್ಕೆ ಹೋಗೋಣ. ಮೇಲಿನ ಭಾಗ ಚಪ್ಪಟೆಯಾಗಿರುವುದರಿಂದ ಅದರ ಅಂಚು ಕಡಿಮೆ ಇಳಿದಿರುತ್ತದೆ; ಕೆಳಗಿನ ಭಾಗ ಹೆಚ್ಚು ಬಾಗಿರುವುದರಿಂದ ಅದರ ಅಂಚು ಹೆಚ್ಚು ಇಳಿದಿರುತ್ತದೆ. ಇವೆರಡು ಅಂಚುಗಳನ್ನು ಎಲ್ಲೂ ಮುರಿಯದೆ, ಗೆರೆ ಬೀಳದಂತೆ ಒಂದಕ್ಕೊಂದು ಸೇರಿಸಬೇಕಾದರೆ ಪಕ್ಕದ ಮೇಲ್ಮೈ ತಿರುಚಿಕೊಳ್ಳಲೇಬೇಕು. ತಿರುಚಿಕೊಂಡಲ್ಲಿ ಬಾಗು ಒಂದು ದಿಕ್ಕಿಗೆ ಒಂದು, ಇನ್ನೊಂದು ದಿಕ್ಕಿಗೆ ಇನ್ನೊಂದು ಆಗುತ್ತದೆ. ಕಣ್ಣಿಗೆ ಅದೇ ಮಸುಕು. 1963ರಲ್ಲಿ ಜರ್ಮನಿಯ ಗಣಿತಜ್ಞ ಗುಂಟರ್ ಮಿಂಕ್‌ವಿಟ್ಸ್ ಇದನ್ನು ಪ್ರಮೇಯವಾಗಿ ಸಾಧಿಸಿದರು: ನಡುರೇಖೆಯಲ್ಲಿ ಪವರ್ ಎಷ್ಟು ವೇಗವಾಗಿ ಏರುತ್ತದೋ, ಅದರ ಎರಡರಷ್ಟು ವೇಗದಲ್ಲಿ ರೇಖೆಯ ಪಕ್ಕಕ್ಕೆ ಸಿಲಿಂಡರ್ ಬೆಳೆಯುತ್ತದೆ.

ಇದರ ಲೆಕ್ಕವನ್ನು ಕಾಗದದ ಮೇಲೆ ಯಾರಾದರೂ ಮಾಡಿ ನೋಡಬಹುದು. ಅಡಿಷನ್ ಎರಡು, ಅದು ಏರುವ ಕಾರಿಡಾರಿನ ಉದ್ದ 14 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮಿಲಿಮೀಟರಿಗೆ ಪವರ್ ಏರುವುದು 0.14 ಡಯಾಪ್ಟರ್. ಪಕ್ಕಕ್ಕೆ ಸಿಲಿಂಡರ್ ಬೆಳೆಯುವುದು ಅದರ ಎರಡರಷ್ಟು, ಸುಮಾರು 0.29. ಅರ್ಧ ಡಯಾಪ್ಟರ್ ಸಿಲಿಂಡರನ್ನು ಕಣ್ಣು ಹೇಗೋ ಸಹಿಸಿಕೊಳ್ಳುತ್ತದೆ ಎಂದು ಒಪ್ಪಿದರೆ, ನಡುರೇಖೆಯಿಂದ ಎಡಕ್ಕೆ 1.75, ಬಲಕ್ಕೆ 1.75, ಒಟ್ಟು ಮೂರೂವರೆ ಮಿಲಿಮೀಟರ್ ಅಗಲದ ದಾರಿ ಸಿಗುತ್ತದೆ. ಅಡಿಷನ್ ಒಂದೇ ಇದ್ದವರಿಗೆ ಅದೇ ದಾರಿ ಏಳು ಮಿಲಿಮೀಟರ್ ಅಗಲವಾಗುತ್ತದೆ. ನಲವತ್ತೈದರ ಮೇಷ್ಟರು ತಮ್ಮ ಪ್ರೋಗ್ರೆಸಿವ್ ಲೆನ್ಸನ್ನು ಹೊಗಳಿ, ಅವರ ಮಾತು ಕೇಳಿ ಅರವತ್ತರ ಅಣ್ಣನವರು ಅದನ್ನೇ ಹಾಕಿಸಿಕೊಂಡು ಬೈಯುವುದರ ಹಿಂದೆ ಇಷ್ಟೇ ಸಂಗತಿ ಇದೆ. ಇನ್ನು ಇಂದಿನ ಕಿರಿದಾದ ಫ್ರೇಮುಗಳಿಗೆ ಹೊಂದಿಸಲೆಂದು ಕಾರಿಡಾರನ್ನು ಹತ್ತು ಮಿಲಿಮೀಟರಿಗೆ ಇಳಿಸಿದರೆ, ಅಡಿಷನ್ ಎರಡರವರ ದಾರಿ ಎರಡೂವರೆ ಮಿಲಿಮೀಟರಿಗೆ ಕುಗ್ಗುತ್ತದೆ. ಫ್ರೇಮ್ ಆರಿಸುವಾಗ ನಾನು ಗಾಜಿನ ಎತ್ತರದ ಬಗ್ಗೆ ತಕರಾರು ತೆಗೆಯುವುದನ್ನು ಕೆಲವರು ಮಾರಾಟದ ಚಾಲಾಕಿ ಎಂದುಕೊಳ್ಳುತ್ತಾರೆ. ಎತ್ತರ ಇಲ್ಲದ ಫ್ರೇಮಿನಲ್ಲಿ ಓದುವ ಭಾಗದ ಅರ್ಧ ಲೆನ್ಸ್ ಕತ್ತರಿಸುವಾಗಲೇ ಕಸದ ಡಬ್ಬಿಗೆ ಹೋಗಿರುತ್ತದೆ.

ಕಂಪನಿ ಯಾವುದೇ ಇರಲಿ, ಬೆಲೆ ಎಷ್ಟೇ ಇರಲಿ, ಈ ಪ್ರಮೇಯದಿಂದ ಯಾರಿಗೂ ವಿನಾಯಿತಿ ಇಲ್ಲ. ವಿನ್ಯಾಸಕಾರರಿಗೆ ಉಳಿದಿರುವುದು ಹಂಚಿಕೆಯ ಸ್ವಾತಂತ್ರ್ಯ ಮಾತ್ರ. ಮಸುಕನ್ನೆಲ್ಲ ಬದಿಯ ಚಿಕ್ಕ ಜಾಗದಲ್ಲಿ ಒತ್ತಿ ಇಟ್ಟರೆ ದೂರದ ಮತ್ತು ಓದುವ ಭಾಗಗಳು ಅಗಲವಾಗಿ, ಸ್ವಚ್ಛವಾಗಿ ಸಿಗುತ್ತವೆ. ಆದರೆ ಅವುಗಳ ಗಡಿ ದಾಟಿದೊಡನೆ ಮಸುಕು ಗಾಢವಾಗುತ್ತದೆ, ತಲೆ ತಿರುಗಿಸಿದರೆ ನೆಲವೇ ತೇಲಿದಂತಾಗುತ್ತದೆ. ಮಸುಕನ್ನು ತೆಳ್ಳಗೆ ಹರಡಿದರೆ ತೇಲಾಟ ಕಡಿಮೆಯಾಗುತ್ತದೆ, ಅದಕ್ಕೆ ಬದಲಾಗಿ ಸ್ವಚ್ಛ ಜಾಗದ ಅಗಲವೂ ಕಡಿಮೆಯಾಗುತ್ತದೆ. ಮೊದಲನೆಯದನ್ನು ಹಾರ್ಡ್ ವಿನ್ಯಾಸ, ಎರಡನೆಯದನ್ನು ಸಾಫ್ಟ್ ವಿನ್ಯಾಸ ಎನ್ನುತ್ತಾರೆ. 1959ರ ವೇರಿಲಕ್ಸ್ ಹಾರ್ಡ್ ಬಗೆಯದು. 1972ರ ಎರಡನೆಯ ಆವೃತ್ತಿಯಲ್ಲಿ ಮೆಟೆನಾಜ್ ಬದಿಯ ಮಸುಕನ್ನು ಸಡಿಲಿಸಿ ಹರಡಿದರು.

ಈಗಿನ ಹೊಸ ಮಾತು ಫ್ರೀಫಾರ್ಮ್ ಅಥವಾ ಡಿಜಿಟಲ್ ಲೆನ್ಸ್. ಹಿಂದೆ ಪ್ರೋಗ್ರೆಸಿವ್ ಮೇಲ್ಮೈಯನ್ನು ಲೆನ್ಸಿನ ಮುಂಭಾಗದಲ್ಲಿ ಅಚ್ಚಿನಿಂದಲೇ ಎರಕ ಹೊಯ್ದು ತರುತ್ತಿದ್ದರು. ಅಡಿಷನ್ 0.75ರಿಂದ 3.50ರವರೆಗೆ ಕಾಲು ಕಾಲು ಡಯಾಪ್ಟರಿಗೆ ಒಂದರಂತೆ ಹನ್ನೆರಡು ಬಗೆ. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಜೊತೆಗೆ ಹಲವು ಬೇಸ್ ಕರ್ವ್‌ಗಳು, ಅಂದರೆ ಮುಂಭಾಗದ ಮೂಲ ಬಾಗುಗಳು. ನಿಮ್ಮ ನಂಬರಿಗೆ ತೀರಾ ಹತ್ತಿರವಾದ ಅಚ್ಚನ್ನು ಆರಿಸಿ, ಹಿಂಭಾಗವನ್ನು ಉಜ್ಜಿ ಪವರ್ ತುಂಬುತ್ತಿದ್ದರು. ಈಗ ಕಂಪ್ಯೂಟರ್ ನಿಯಂತ್ರಿತ ವಜ್ರದ ಮೊನೆಯೊಂದು ತಿರುಗುತ್ತಿರುವ ಲೆನ್ಸಿನ ಹಿಂಭಾಗವನ್ನು ಬಿಂದು ಬಿಂದುವಾಗಿ ಕೆತ್ತುತ್ತದೆ. ಒಬ್ಬೊಬ್ಬರ ನಂಬರು, ಫ್ರೇಮಿನ ಓರೆ, ಕಣ್ಣಿನಿಂದ ಗಾಜಿಗಿರುವ ಅಂತರ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಅವರಿಗಷ್ಟೇ ಒಪ್ಪುವ ಮೇಲ್ಮೈ ಮಾಡಬಹುದು. ಇದರಿಂದ ದೊಡ್ಡ ನಂಬರಿನವರಿಗೂ ಹೆಚ್ಚು ಸಿಲಿಂಡರ್ ಇರುವವರಿಗೂ ನಿಜಕ್ಕೂ ಲಾಭವಾಗಿದೆ. ಆದರೆ ದೂರಕ್ಕೆ ನಂಬರೇ ಇಲ್ಲದ, ಬರೀ ಅಡಿಷನ್ ಬೇಕಾದವರಿಗೆ ಅತಿ ದುಬಾರಿ ಶ್ರೇಣಿಯನ್ನು ಶಿಫಾರಸು ಮಾಡುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಇಷ್ಟು ಸೂಕ್ಷ್ಮವಾಗಿ ಕೆತ್ತಿದ್ದನ್ನು ಒಂದು ತಪ್ಪು ಅಳತೆ ಹಾಳುಮಾಡಬಲ್ಲದು. ಪಾಪೆಯಿಂದ ಪಾಪೆಗಿರುವ ಅಂತರವನ್ನು ಒಟ್ಟಾಗಿ ಅಳೆದು ಎರಡರಿಂದ ಭಾಗಿಸಿದರೆ ಸಾಲದು, ಏಕೆಂದರೆ ಎಷ್ಟೋ ಜನರ ಮೂಗು ಎರಡೂ ಕಣ್ಣುಗಳ ಸರಿಮಧ್ಯದಲ್ಲಿ ಇರುವುದಿಲ್ಲ. ಬಲಕ್ಕೆ 31, ಎಡಕ್ಕೆ 33 ಇದ್ದವರಿಗೆ ಎರಡೂ ಕಡೆ 32 ಎಂದು ಬರೆದರೆ, ಒಂದೊಂದು ಕಣ್ಣಿಗೂ ಒಂದೊಂದು ಮಿಲಿಮೀಟರ್ ದಾರಿ ತಪ್ಪುತ್ತದೆ. ಮೇಲೆ ಹೇಳಿದ 1.75ರಲ್ಲಿ ಒಂದು ಹೋದರೆ ಉಳಿಯುವುದೆಷ್ಟು ಎಂಬುದನ್ನು ನೋಡಿ. ಎತ್ತರದ ಅಳತೆಯೂ ಹಾಗೆಯೇ. ಫ್ರೇಮನ್ನು ಮುಖಕ್ಕೆ ಹೊಂದಿಸಿ ಬಗ್ಗಿಸಿದ ಮೇಲೆ, ಅವರು ದಿನವೂ ನಿಲ್ಲುವ ಭಂಗಿಯಲ್ಲಿ ನಿಂತಾಗ, ಡಮ್ಮಿ ಗಾಜಿನ ಮೇಲೆ ಪಾಪೆಯ ನೇರಕ್ಕೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡಬೇಕು. ಅಳೆಯುತ್ತೇವೆಂದ ಕೂಡಲೇ ಜನ ಫೋಟೋಗೆ ನಿಂತಂತೆ ಸೆಟೆದು ಗದ್ದ ಎತ್ತುತ್ತಾರೆ. ಅವರನ್ನು ಮಾತಿಗೆಳೆದು, ಮೈ ಸಡಿಲವಾದ ಮೇಲೆ ಚುಕ್ಕೆ ಇಡುವುದು ನಮ್ಮ ಕಸುಬಿನ ಗುಟ್ಟು.

ಮನೆಯಲ್ಲಿರುವ ಪ್ರೋಗ್ರೆಸಿವ್ ಲೆನ್ಸನ್ನು ನೀವೇ ಪರೀಕ್ಷಿಸಬಹುದು. ಗಾಜಿನ ಮೇಲೆ ಬಾಯಿಂದ ಹಬೆಯೂದಿ, ದೀಪಕ್ಕೆ ಓರೆಯಾಗಿ ಹಿಡಿದರೆ, ಪರಸ್ಪರ 34 ಮಿಲಿಮೀಟರ್ ದೂರದಲ್ಲಿ ಎರಡು ಸಣ್ಣ ಗುರುತುಗಳು ಮೂಡುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಸಾಮಾನ್ಯವಾಗಿ ಅಡಿಷನ್ ಕೆತ್ತಿರುತ್ತಾರೆ. ಎಡ ಬಲ ಗುರುತುಗಳು ಸಮಾನ ಎತ್ತರದಲ್ಲಿ ಇಲ್ಲದಿದ್ದರೆ, ಮತ್ತು ಅದಕ್ಕೆ ನಿಮ್ಮ ಕಣ್ಣುಗಳ ಎತ್ತರವೇ ಕಾರಣವಲ್ಲದಿದ್ದರೆ, ಕೊಟ್ಟ ಅಂಗಡಿಗೆ ಹೋಗಿ ಕೇಳುವ ಹಕ್ಕು ನಿಮಗಿದೆ.

ಪೊರೆಯ ಆಪರೇಷನ್ ಮಾಡಿಸಿಕೊಳ್ಳುವವರು ಕಣ್ಣೊಳಗೇ ಕೂರಿಸುವ ಮಲ್ಟಿಫೋಕಲ್ ಲೆನ್ಸಿನ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ದೃಷ್ಟಿಯನ್ನು ಮೇಲೆ ಕೆಳಗೆ ಹೊರಳಿಸಿ ಪವರ್ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಒಳಬಂದ ಬೆಳಕನ್ನೇ ಪಾಲು ಮಾಡಬೇಕು. ಮೈಮೇಲಿನ ಸೂಕ್ಷ್ಮ ಉಂಗುರಗಳಿಂದ ಬೆಳಕನ್ನು ಒಡೆದು ಎರಡು ದೂರಗಳಿಗೆ ಸಮಪಾಲು ಹಂಚುವ ವಿವರ್ತನ ಲೆನ್ಸಿನಲ್ಲಿ ದೂರಕ್ಕೆ ನೂರರಲ್ಲಿ ಸುಮಾರು 41, ಹತ್ತಿರಕ್ಕೆ 41 ಪಾಲು ಹೋಗಿ, ಉಳಿದ 18 ಯಾವುದಕ್ಕೂ ಒದಗದೆ ಚದುರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸುವವರಿಗೆ ಎದುರಿನ ದೀಪಗಳ ಸುತ್ತ ಬಳೆ ಕಾಣುವುದು ಈ ಪಾಲುಗಾರಿಕೆಯಿಂದಲೇ. ಅದನ್ನು ಹಾಕಿಸುವ ಬಿಡುವ ನಿರ್ಧಾರ ಕಣ್ಣಿನ ವೈದ್ಯರದ್ದು. ರಾತ್ರಿ ಡ್ರೈವಿಂಗ್ ಇದೆಯೋ ಇಲ್ಲವೋ ಎಂಬುದನ್ನು ಅವರಿಗೆ ಮರೆಯದೆ ಹೇಳಿ ಎಂದಷ್ಟೇ ನಾನು ಹೇಳುತ್ತೇನೆ.

ಮೆಟ್ಟಿಲುಗಳ ಬಗ್ಗೆ ಒಂದು ಎಚ್ಚರಿಕೆ. ಇಳಿಯುವಾಗ ಕಣ್ಣು ಕೆಳಗೆ ಹೊರಳುತ್ತದೆ, ಆಗ ಕಾಲ ಬಳಿಯ ಮೆಟ್ಟಿಲನ್ನು ಪುಸ್ತಕದ ದೂರಕ್ಕೆ ಮಾಡಿದ ಪವರ್ ಮೂಲಕ ನೋಡಿದಂತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಲ್ಟಿಫೋಕಲ್ ಕನ್ನಡಕ (ಬೈಫೋಕಲ್, ಪ್ರೋಗ್ರೆಸಿವ್ ಬಗೆಯದು) ಹಾಕುತ್ತಿದ್ದ ಹಿರಿಯರಿಗೆ ಹೊರಗೆ ಓಡಾಡಲೆಂದು ಬರೀ ದೂರದ ಕನ್ನಡಕವನ್ನೂ ಕೊಟ್ಟರು. ಹೊರಗೆ ಹೆಚ್ಚು ಓಡಾಡುವವರಲ್ಲಿ ಬೀಳುವುದು ಕಡಿಮೆಯಾಯಿತು. ಮನೆಯಲ್ಲೇ ಹೆಚ್ಚು ಇರುವವರಲ್ಲಿ ಮಾತ್ರ, ಹೊರಗೆ ಬೀಳುವುದು ಹೆಚ್ಚಾಯಿತು. ದಿನವೂ ಹೊಲಕ್ಕೆ, ದೇವಸ್ಥಾನಕ್ಕೆ ನಡೆದು ಹೋಗುವ ಹಿರಿಯರಿಗೆ ಎರಡನೆಯ ಕನ್ನಡಕ ಬೇಕು ಎಂದು ನಾನು ಹೇಳುವುದು ಇದರ ಆಧಾರದ ಮೇಲೆ.

ಇದುವರೆಗಿನ ಎಲ್ಲ ವಿನ್ಯಾಸಗಳ ಅಡಿಯಲ್ಲಿ ಒಂದು ಊಹೆ ಕೂತಿದೆ: ದೂರದ ವಸ್ತು ಎದುರಿಗೆ ಇರುತ್ತದೆ, ಹತ್ತಿರದ ವಸ್ತು ಕೆಳಗಿರುತ್ತದೆ. ಪುಸ್ತಕ, ಕಡತ, ಮೊಬೈಲು ಇವುಗಳ ಮಟ್ಟಿಗೆ ಅದು ನಿಜ. ನಮ್ಮ ಜಿಲ್ಲೆಯ ಕೆಲಸಗಳ ಮಟ್ಟಿಗೆ ಅಷ್ಟು ನಿಜವಲ್ಲ. ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳನ್ನು ನೋಡಿ. ಬೇಸಿನ್ನಿನ ಬಿಸಿ ನೀರಿನಲ್ಲಿ ತೇಲುವ ಬೆಂದ ಗೂಡುಗಳಿಂದ ಕೂದಲಿಗಿಂತ ತೆಳುವಾದ ಎಳೆಯನ್ನು ಹುಡುಕಿ ತೆಗೆಯಬೇಕು, ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆಯನ್ನು ಸೇರಿಸಬೇಕು. ಅದೇ ಹೊತ್ತಿಗೆ ಮುಖದ ಮಟ್ಟದಲ್ಲಿ ತಿರುಗುವ ರಾಟೆಯಲ್ಲಿ ದಾರ ತುಂಡಾಯಿತೇ ಎಂದು ಗಮನಿಸಬೇಕು. ಬೇರೆಡೆ ದುಬಾರಿ ಪ್ರೋಗ್ರೆಸಿವ್ ಹಾಕಿಸಿಕೊಂಡಿದ್ದ ರೀಲರ್ ಒಬ್ಬರು ನನ್ನ ಬಳಿ ಬಂದು, "ಸಾರ್, ನೀರಲ್ಲಿರೋ ಎಳೆ ಕಾಣ್ತದೆ, ಎದುರಿಗಿರೋ ರಾಟೆಯಲ್ಲಿ ದಾರಾನೇ ಕಾಣಲ್ಲ" ಎಂದರು. ರಾಟೆ ಇದ್ದದ್ದು ಮುಖದಿಂದ ಎರಡು ಅಡಿ ದೂರದಲ್ಲಿ, ನೇರ ಎದುರಿಗೆ; ಲೆನ್ಸಿನ ಆ ಜಾಗದಲ್ಲಿ ಇದ್ದದ್ದು ಬೆಟ್ಟ ನೋಡುವ ಪವರ್. ಅವರಿಗೆ ಬೇಕಾಗಿದ್ದದ್ದು ಇಡೀ ಗಾಜಿಗೆ ಒಂದೇ ಹತ್ತಿರದ ಪವರ್ ಇರುವ ಸಾದಾ ಕನ್ನಡಕ, ಹಬೆಗೆ ಒರೆಸಿಕೊಳ್ಳಲು ಒಂದು ಬಟ್ಟೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಎಲೆ ಕೀಳುವವರಿಗೆ ಇಂಥದ್ದೇ ಸಾದಾ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ದುಡಿಮೆ 21.7 ಶೇಕಡಾ ಹೆಚ್ಚಿತ್ತು.

ದ್ರಾಕ್ಷಿ ಬೆಳೆಗಾರರದ್ದು ಇದಕ್ಕಿಂತ ವಿಚಿತ್ರ ಪರಿಸ್ಥಿತಿ. ಚಪ್ಪರದ ಕೆಳಗೆ ನಿಂತು, ತಲೆಯ ಮೇಲೆ ಒಂದೂವರೆ ಅಡಿಯಲ್ಲಿ ತೂಗುವ ಗೊಂಚಲಿನಿಂದ ಹೆಚ್ಚಾದ ಕಾಯಿಗಳನ್ನು ಸಣ್ಣ ಕತ್ತರಿಯಲ್ಲಿ ಬಿಡಿಸಬೇಕು, ಎಲೆಯ ಅಡಿಯಲ್ಲಿ ಬೂಜು ಹಿಡಿದಿದೆಯೇ ನೋಡಬೇಕು. ಬೈಫೋಕಲ್ ಹಾಕಿಕೊಂಡರೆ ಕೆಳಗಿನ ಬಿಲ್ಲೆಯಲ್ಲಿ ಮೇಲಿನ ಗೊಂಚಲನ್ನು ನೋಡಲು ಕುತ್ತಿಗೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಗ್ಗಿಸಬೇಕು. ಅಂಥ ಒಬ್ಬ ಯಜಮಾನರಿಗೆ, ದೂರದ ನಂಬರು ಸೊನ್ನೆ, ಅಡಿಷನ್ ಎರಡು ಇದ್ದದ್ದರಿಂದ, ಡಿ ಲೆನ್ಸನ್ನೇ ತಲೆಕೆಳಗು ಮಾಡಿ ಹಾಕಿಸಿಕೊಡುವುದೆಂದು ತೀರ್ಮಾನಿಸಿದೆ. ಓದುವ ಬಿಲ್ಲೆಯನ್ನು ಮೂಗಿನ ಕಡೆಗೆ ತುಸು ಸರಿಸಿ ಕೂರಿಸಿರುತ್ತಾರೆ. ಲೆನ್ಸನ್ನು ಅರ್ಧ ಸುತ್ತು ತಿರುಗಿಸಿದರೆ ಅದು ಕಿವಿಯ ಕಡೆಗೆ ಹೋಗುತ್ತದೆ. ಆದ್ದರಿಂದ ಎಡಗಣ್ಣಿನ ಲೆನ್ಸನ್ನು ಬಲಕ್ಕೆ, ಬಲಗಣ್ಣಿನದನ್ನು ಎಡಕ್ಕೆ ತಿರುಗಿಸಿ ಕೂರಿಸಬೇಕೆಂದು ಆರ್ಡರಿನಲ್ಲಿ ಬರೆದೆ. ಲ್ಯಾಬಿನಿಂದ ಫೋನ್ ಬಂತು, ಸಾರ್, ಎಡ ಬಲ ಅದಲು ಬದಲಾಗಿದೆ, ಬಿಲ್ಲೆ ಮೇಲೆ ಅಂತ ಬೇರೆ ಬರೆದಿದ್ದೀರಿ, ಕತ್ತರಿಸಬೇಕೋ ಬೇಡವೋ ಎಂದು. ಕತ್ತರಿಸಿ ಎಂದೆ. ಯಜಮಾನರು ಈಗ ಚಪ್ಪರದ ಕೆಳಗೆ ಕುತ್ತಿಗೆ ನೋವಿಲ್ಲದೆ ಕೆಲಸ ಮಾಡುತ್ತಿದ್ದಾರೆ, ತೋಟದ ಬದುವಿನ ಮೇಲೆ ನಡೆಯುವಾಗ ಕಾಲಡಿಯ ನೆಲವೂ ಸರಿಯಾಗಿ ಕಾಣುತ್ತದೆಯಂತೆ. ಪೇಪರ್ ಓದಲು ರಸ್ತೆ ಬದಿಯಲ್ಲಿ ಕೊಂಡ ರೆಡಿಮೇಡ್ ಕನ್ನಡಕವೊಂದನ್ನು ಬೇರೆ ಇಟ್ಟುಕೊಂಡಿದ್ದಾರೆ. ಬಸ್ಸಿನ ಬೋರ್ಡು ಓದಬೇಕಾದರೆ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕಾಗುತ್ತದೆ ಎಂಬುದು ಅವರ ಈಗಿನ ದೂರು.